ಮಂಗನ ಕಾಯಿಲೆ ಬಗ್ಗೆ ಕೆಲಸ ಮಾಡ್ಬೇಕು ಅಂತಿದೀನಿ, ವೈಲ್ಡ್‌ಲೈಫ್ ಎಂಎಸ್ಸಿ ಇಲ್ಲೇ ಮಾಡ್ಲಾ ಅಮೆರಿಕಕ್ಕೆ ಹಾಕ್ಲಾ?

ಸೊಪ್ಪಿನಬೆಟ್ಟ:

ಎಲ್ರಿಗೂ ನಮಸ್ಕಾರ. ಕಾಡು ಪ್ರಾಣಿ ಬಗ್ಗೆ ಓದಿದವ್ರು, ಅದರಲ್ಲೇ ಕೆಲಸದಲ್ಲಿರೋರು ಇಲ್ಲಿ ಸುಮಾರು ಜನ ಇದೀರ, ಅದಕ್ಕೇ ಕೇಳ್ತಿದೀನಿ. ಸ್ವಲ್ಪ ಉದ್ದ ಆಗತ್ತೆ, ಬೇಜಾರು ಮಾಡ್ಕೋಬೇಡಿ.

ನಂದು ಸಾಗರ ತಾಲೂಕು, ಶರಾವತಿ ಹಿನ್ನೀರು ಕಡೆ ಒಂದು ಹಳ್ಳಿ. ಈಗ ಶಿವಮೊಗ್ಗದಲ್ಲಿ ಹಾಸ್ಟೆಲ್ಲಲ್ಲಿದ್ದು ಬಿಎಸ್ಸಿ ಮಾಡ್ತಿದೀನಿ, ಬಾಟನಿ ಜುವಾಲಜಿ, ಮೂರನೇ ವರ್ಷ, ಇಲ್ಲಿವರೆಗೆ 74 ಪರ್ಸೆಂಟ್ ಇದೆ. 2018ರ ಕೊನೆಗೆ ಅರಳಗೋಡು ಕಡೆ ಮಂಗನ ಕಾಯಿಲೆ ಬಂತಲ್ಲ, ಆಗ ನಾನು ಎಂಟನೇ ಕ್ಲಾಸು. ನಮ್ಮ ಚಿಕ್ಕಮ್ಮಂಗೂ ಬಂದಿತ್ತು, ಜ್ವರ ಅಂತ ನಾಲ್ಕು ದಿನ ಮನೆಯಲ್ಲೇ ಇದ್ರು, ಆಮೇಲೆ ಮಣಿಪಾಲಕ್ಕೆ ಕರ್ಕೊಂಡು ಹೋದ್ವಿ, ಪುಣ್ಯಕ್ಕೆ ಬದುಕಿ ಬಂದ್ರು. ಆ ವರ್ಷ ನಮ್ಮೂರಲ್ಲಿ ಯಾರೂ ಬೆಟ್ಟಕ್ಕೆ ದರಗು, ಅಂದ್ರೆ ಉದುರಿದ ಒಣಗೆಲೆ, ಗುಡಿಸೋಕೆ ಹೋಗ್ಲಿಲ್ಲ, ಕೊಟ್ಟಿಗೆಗೆ ಹಾಸೋಕೆ ಸೊಪ್ಪಿಲ್ಲ, ದನ ಬೆಟ್ಟಕ್ಕೆ ಬಿಡೋಕೂ ಭಯ, ಉಣುಗು ಕಚ್ಚಬಾರ್ದು ಅಂತ ಮೈಗೆ ಹಚ್ಚೋಕೆ ಆಸ್ಪತ್ರೆಯವ್ರು ಕೊಟ್ಟ ಡೇಪಾ ಎಣ್ಣೆ ಬಾಟ್ಲಿ ಪ್ರತಿ ಮನೆ ಜಗಲಿ ಮೇಲೆ ಇರ್ತಿತ್ತು. ಮಂಗ ಸತ್ತಿದೆ ಅಂತ ಸುದ್ದಿ ಬಂದ್ರೆ ಸಾಕು ಅಮ್ಮ ನಮ್ಮನ್ನ ಅಂಗಳ ದಾಟೋಕೆ ಬಿಡ್ತಿರ್ಲಿಲ್ಲ.

ಆಗಿಂದ ನನ್ನ ತಲೆಯಲ್ಲಿರೋದು ಒಂದೇ ಪ್ರಶ್ನೆ. ಮಂಗ ಯಾವಾಗ್ಲೂ ಇತ್ತು, ಈ ಕಾಯಿಲೆ ಹರಡೋ, ರಕ್ತ ಹೀರೋ ಉಣುಗೂ ಯಾವಾಗ್ಲೂ ಇತ್ತು, ನಮ್ಮಜ್ಜ ಅದೇ ಬೆಟ್ಟದಲ್ಲಿ ಎಂಬತ್ತು ವರ್ಷ ಓಡಾಡಿದ್ರು. ಹಂಗಿದ್ಮೇಲೆ ಒಂದು ವರ್ಷ ಈ ಊರಲ್ಲಿ ಬಂದು ಪಕ್ಕದೂರಲ್ಲಿ ಬರಲ್ಲ ಅಂದ್ರೆ ಏನು? ಇದನ್ನ ಓದೋಕೆ ಡಾಕ್ಟ್ರೇ ಆಗ್ಬೇಕಾ, ಲ್ಯಾಬಿಗೇ ಹೋಗ್ಬೇಕಾ, ಅಥವಾ ವೈಲ್ಡ್‌ಲೈಫ್ ಎಕಾಲಜಿ ಅಂತ ಮಾಡ್ತಾರಲ್ಲ ಅದರಲ್ಲಿ ಆಗತ್ತಾ?

ಎರಡನೇದು ದುಡ್ಡಿನ ವಿಷಯ. ಇಲ್ಲೊಂದು ಕನ್ಸಲ್ಟೆನ್ಸಿಯವ್ರು ಅಮೆರಿಕದಲ್ಲಿ ನ್ಯಾಚುರಲ್ ರಿಸೋರ್ಸಸ್ ಅಂತ ಎಂಎಸ್ ಇದೆ, ವೈಲ್ಡ್‌ಲೈಫ್ ಅದರೊಳಗೇ ಬರತ್ತೆ, 35 ಲಕ್ಷ ಲೋನ್ ಮಾಡಿಸಿಕೊಡ್ತೀವಿ ಅಂತಿದಾರೆ. ಅಪ್ಪ ತೋಟದ ಪತ್ರ ಅಡ ಇಡೋಕೆ ತಯಾರಾಗಿ ಕೂತಿದಾರೆ, ಇರೋದೇ ಒಂದೂವರೆ ಎಕರೆ ಅಡಿಕೆ, ಅದರಲ್ಲೂ ಎಲೆಚುಕ್ಕಿ ರೋಗ. ನಂಗೆ ರಾತ್ರಿ ನಿದ್ದೆ ಬರ್ತಿಲ್ಲ. ಇಲ್ಲೇ ಎಂಎಸ್ಸಿ ಮಾಡಿದ್ರೆ ಆಗಲ್ವಾ? ಇನ್ನೊಂದು ಹೇಳ್ಬಿಡ್ತೀನಿ, ನಂಗೆ ಗಣಿತ ಅಂದ್ರೆ ಭಯ, ಪಿಯುಸಿಲಿ ಹೆಂಗೋ ಪಾಸಾಗಿದ್ದು.

ಶಂಕರಘಟ್ಟ ಹಾಸ್ಟೆಲ್:

ಹಾಯ್. ನಾನು ಕುವೆಂಪು ವಿವಿಯಲ್ಲಿ ವೈಲ್ಡ್‌ಲೈಫ್ ಅಂಡ್ ಮ್ಯಾನೇಜ್‌ಮೆಂಟ್ ಎಂಎಸ್ಸಿ ಮಾಡಿದೀನಿ. ಶಿವಮೊಗ್ಗದಲ್ಲೇ ಇದೀರಲ್ಲ, ಒಂದಿನ ಬಸ್ ಹತ್ತಿ ಶಂಕರಘಟ್ಟಕ್ಕೆ ಬಂದು ಡಿಪಾರ್ಟ್‌ಮೆಂಟ್ ನೋಡ್ಕೊಂಡು ಹೋಗಿ, ಸೀನಿಯರ್ಸ್ ಹತ್ರ ಮಾತಾಡಿ. ಸರ್ಕಾರಿ ವಿವಿ ಆದ್ರಿಂದ ಫೀಸು ನಿಮ್ಮನೆಯವ್ರಿಗೆ ಭಾರ ಆಗಲ್ಲ, ಭದ್ರಾ ಕಾಡು ಪಕ್ಕದಲ್ಲೇ ಇದೆ. ನಮ್ಮ ಬ್ಯಾಚಲ್ಲಿ ಒಬ್ರು ಹಕ್ಕಿ ಮೇಲೆ, ಒಬ್ರು ಕಪ್ಪೆ ಮೇಲೆ ಡೆಸರ್ಟೇಶನ್ ಮಾಡಿದ್ರು, ನಂದು ಆನೆಯಿಂದಾಗೋ ಬೆಳೆಹಾನಿ ಬಗ್ಗೆ. ಒಂದೇ ಮಾತು, ಕ್ಲಾಸಲ್ಲಿ ಹೇಳಿಕೊಡೋದನ್ನಷ್ಟೇ ನೆಚ್ಕೊಂಡು ಕೂರಬೇಡಿ. ನಕ್ಷೆ ಮಾಡೋ ಕ್ಯೂಜಿಐಎಸ್, ಲೆಕ್ಕ ಹಾಕೋ ಆರ್ ಇವೆರಡನ್ನ ನಾನು ಸ್ವಂತ ಕಲಿತೆ, ಎರಡೂ ಫ್ರೀ ಸಾಫ್ಟ್‌ವೇರ್, ಆಮೇಲೆ ನಂಗೆ ಪ್ರಾಜೆಕ್ಟಲ್ಲಿ ಕೆಲಸ ಸಿಕ್ಕಿದ್ದು ಅದರಿಂದಾನೆ.

ಪ್ಲಾಟ್ ನದಿ ದಂಡೆ:

ನಮಸ್ಕಾರ ತಂಗಿ. ನಾನು ಹಾಸನದವನು, ಅಮೆರಿಕದ ನೆಬ್ರಾಸ್ಕ ರಾಜ್ಯದ ಲಿಂಕನ್ ಊರಲ್ಲಿದೀನಿ, ಇಲ್ಲಿ ವಿಶ್ವವಿದ್ಯಾಲಯದ ಸ್ಕೂಲ್ ಆಫ್ ನ್ಯಾಚುರಲ್ ರಿಸೋರ್ಸಸ್‌ನಲ್ಲಿ ಎಂಎಸ್ ಮುಗ್ಸಿ ಪಿಎಚ್‌ಡಿ ಮಾಡ್ತಿದೀನಿ. ಮೊದ್ಲು ಅಪ್ಪಂಗೆ ಫೋನ್ ಮಾಡಿ ಪತ್ರ ಬೀರುವಿನಲ್ಲೇ ಇಡೋಕೆ ಹೇಳಿ. ಈ ಸಬ್ಜೆಕ್ಟಿಗೆ ಸ್ವಂತ ದುಡ್ಡಲ್ಲಿ, ಅದೂ ಸಾಲ ಮಾಡಿ, ಯಾರೂ ಅಮೆರಿಕಕ್ಕೆ ಬರಬಾರ್ದು. ಕಂಪ್ಯೂಟರ್ ಸೈನ್ಸ್ ಮಾಡಿದವ್ರು ಲೋನ್ ತೀರಿಸೋ ಸಂಬಳ ಕಾಡು ಓದಿದವ್ರಿಗೆ ಬರಲ್ಲ, ಕನ್ಸಲ್ಟೆನ್ಸಿಯವ್ರಿಗೆ ಆ ವ್ಯತ್ಯಾಸ ಬೇಕಾಗಿಲ್ಲ.

ಇಲ್ಲಿ ನಡೆಯೋದು ಬೇರೆ ರೀತಿ. ರಿಸರ್ಚ್ ಮಾಡೋ ಎಂಎಸ್‌ಗೆ ಮೊದ್ಲು ಯೂನಿವರ್ಸಿಟಿ ಹುಡುಕೋದಲ್ಲ, ಪ್ರೊಫೆಸರನ್ನ ಹುಡುಕೋದು. ಅವ್ರ ಹತ್ರ ಒಂದು ಪ್ರಾಜೆಕ್ಟಿಗೆ ಗ್ರಾಂಟ್ ಬಂದಿರತ್ತೆ, ಅದಕ್ಕೆ ಒಬ್ಬ ಸ್ಟೂಡೆಂಟ್ ಬೇಕಾಗಿರ್ತಾನೆ, ಆ ಸ್ಟೂಡೆಂಟಿಗೆ ಅಸಿಸ್ಟೆಂಟ್‌ಶಿಪ್ ಅಂತ ಕೊಡ್ತಾರೆ. ಸಾಮಾನ್ಯವಾಗಿ ಟ್ಯೂಷನ್ ಫೀಸು ಮಾಫಿ, ತಿಂಗಳಿಗೆ ಬದುಕೋಕೆ ಆಗೋಷ್ಟು ಸ್ಟೈಪೆಂಡು, ಬದಲಿಗೆ ವಾರಕ್ಕೆ 20 ಗಂಟೆ ಕೆಲಸ. ಎಫ್-1 ಅನ್ನೋ ಸ್ಟೂಡೆಂಟ್ ವೀಸಾದಲ್ಲಿ ಸೆಮಿಸ್ಟರ್ ನಡೆಯುವಾಗ ಕ್ಯಾಂಪಸ್ ಕೆಲಸಕ್ಕೆ ಅದೇ ಮಿತಿ. ಇಂಥ ಜಾಗ ಖಾಲಿ ಇದೆ ಅಂತ ಟೆಕ್ಸಸ್ ಎ ಅಂಡ್ ಎಂ ಯೂನಿವರ್ಸಿಟಿಯವ್ರ ನ್ಯಾಚುರಲ್ ರಿಸೋರ್ಸಸ್ ಜಾಬ್ ಬೋರ್ಡಲ್ಲಿ ಹಾಕ್ತಾರೆ, ಈ ಫೀಲ್ಡಲ್ಲಿರೋರು ಎಲ್ರೂ ನೋಡೋದು ಅದನ್ನೇ. ನಾನು 41 ಮೇಲ್ ಕಳ್ಸಿದ್ದೆ, ಮೊದಲ ಇಪ್ಪತ್ತು ಎಲ್ಲಾ ಒಂದೇ ಥರದ್ದು, ಡಿಯರ್ ಸರ್ ಐ ಆಮ್ ಪ್ಯಾಶನೇಟ್ ಅಂತ, ಒಂದಕ್ಕೂ ಉತ್ತರ ಬರ್ಲಿಲ್ಲ. ಆಮೇಲೆ ಒಬ್ಬೊಬ್ರ ಪೇಪರ್ ಎರಡೆರಡು ಸಲ ಓದಿ, ನೀವು ಇಲ್ಲಿ ಹಿಂಗೆ ಮಾಡಿದೀರ, ನಮ್ಮೂರ ಕೆರೆ ಹತ್ರ ನಾನು ನೋಡಿದ್ದು ಹಿಂಗಿತ್ತು, ಇದು ಯಾಕೆ ಅಂತ ಬರೆದೆ. ಆಗ ಉತ್ತರ ಬರೋಕೆ ಶುರುವಾಯ್ತು. ನೀವು ಮೇಲೆ ಬರೆದಿರೋ ಪ್ರಶ್ನೆ ಇದೆಯಲ್ಲ, ಅಜ್ಜ ಎಂಬತ್ತು ವರ್ಷ ಓಡಾಡಿದ್ದು, ಅದನ್ನೇ ಇಂಗ್ಲಿಷಲ್ಲಿ ಬರೀರಿ, ಅದಕ್ಕಿಂತ ಒಳ್ಳೆ ಮೇಲ್ ಬೇಡ.

ಆದ್ರೆ ಎರಡು ತೊಡಕಿದೆ. ಒಂದು, ಮೂರು ವರ್ಷದ ಡಿಗ್ರಿಯನ್ನ ಇಲ್ಲಿನ ಕೆಲವು ಯೂನಿವರ್ಸಿಟಿಗಳು ಒಪ್ತವೆ, ಕೆಲವು ಒಪ್ಪಲ್ಲ, ಅಪ್ಲಿಕೇಶನ್ ಫೀಸ್ ಕಟ್ಟೋಕೆ ಮುಂಚೆ ಗ್ರಾಜುಯೇಟ್ ಆಫೀಸಿಗೆ ಬರೆದು ಕೇಳ್ಕೊಳ್ಳಿ. ಅಲ್ಲೇ ಎಂಎಸ್ಸಿ ಮುಗ್ಸಿ ಪಿಎಚ್‌ಡಿಗೆ ಬಂದ್ರೆ ಈ ತಲೆನೋವೇ ಇರಲ್ಲ. ಎರಡು, 2025ರಿಂದ ಇಲ್ಲಿ ಕೇಂದ್ರ ಸರ್ಕಾರದ ಸಂಶೋಧನಾ ದುಡ್ಡು ಬಿಗಿಯಾಗಿದೆ, ಪ್ರೊಫೆಸರ್‌ಗಳು ಹೊಸಬ್ರನ್ನ ತಗೊಳ್ಳೋಕೆ ಹಿಂದೆಮುಂದೆ ನೋಡ್ತಿದಾರೆ.

ಇನ್ನು ಇಲ್ಲಿ ಏನು ಕಲಿಸ್ತಾರೆ ಅಂತ ಹೇಳ್ತೀನಿ, ಯಾಕಂದ್ರೆ ಹೆಸರು ಕೇಳಿ ಜನ ಬೇರೆ ಏನೋ ಅಂದ್ಕೊಂಡಿರ್ತಾರೆ, ನಾನೂ ಅಂದ್ಕೊಂಡಿದ್ದೆ. ನ್ಯಾಚುರಲ್ ರಿಸೋರ್ಸಸ್ ಅಂದ್ರೆ ಪ್ರಾಣಿ ಒಂದೇ ಅಲ್ಲ, ನೀರು, ಮಣ್ಣು, ಹುಲ್ಲು, ಹವಾಮಾನ, ಜನ ಎಲ್ಲಾ ಒಂದೇ ಕಟ್ಟಡದಲ್ಲಿ. ನೆಬ್ರಾಸ್ಕದ ಭೂಮಿ ಶೇಕಡ 97ರಷ್ಟು ಖಾಸಗಿಯವ್ರದ್ದು. ನಮ್ಮ ಬಂಡೀಪುರ ನಾಗರಹೊಳೆ ಥರ ಸರ್ಕಾರಿ ಕಾಡು ಅಂತ ದೊಡ್ಡದಾಗಿ ಇಲ್ಲ, ನಾನು ಕೆಲಸ ಮಾಡೋ ಪ್ರೇರಿ ಚಿಕನ್ ಅನ್ನೋ ಹಕ್ಕಿ ಇರೋದು ದನ ಮೇಯಿಸೋರ ಹುಲ್ಲುಗಾವಲಲ್ಲಿ. ಏಪ್ರಿಲಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಒಂದು ಸಣ್ಣ ಟೆಂಟಿನೊಳಗೆ ಉಸಿರು ಬಿಗಿ ಹಿಡ್ಕೊಂಡು ಕೂತಿರ್ತೀವಿ, ಬೆಳಕು ಹರಿಯೋ ಹೊತ್ತಿಗೆ ಗಂಡುಗಳು ಒಂದೇ ಜಾಗದಲ್ಲಿ ಸೇರ್ತವೆ, ಕುತ್ತಿಗೆ ಪಕ್ಕದ ಕಿತ್ತಳೆ ಬಣ್ಣದ ಚೀಲ ಊದಿಸಿ ಗುಂ ಅಂತ ಸದ್ದು ಮಾಡ್ತಾ ಕಾಲು ಕುಟ್ತವೆ, ಆ ಸದ್ದು ಒಂದು ಮೈಲಿ ದೂರಕ್ಕೂ ಕೇಳತ್ತೆ. ಇದನ್ನ ನೋಡ್ಬೇಕಂದ್ರೆ ಆ ಜಾಗದ ಯಜಮಾನ ಗೇಟು ತೆಗೀಬೇಕು. ಅದಕ್ಕೆ ನಾನು ಇಲ್ಲಿಗೆ ಬಂದ ಮೊದಲ ಎರಡು ತಿಂಗಳು ಮಾಡಿದ್ದು ಬರೀ ರೈತರ ಮನೆಗೆ ಹೋಗಿ ಕಾಫಿ ಕುಡ್ದಿದ್ದು. ಹಾಸನದಲ್ಲಿ ಬೆಳೆದಿದ್ದಕ್ಕೆ ನಂಗೆ ಅದು ಕಷ್ಟ ಆಗ್ಲಿಲ್ಲ, ದನದ ಬಗ್ಗೆ ಮಳೆ ಬಗ್ಗೆ ಮಾತು ಶುರು ಮಾಡಿದ್ರೆ ಎಲ್ಲಾ ಕಡೆ ಒಂದೇ.

ಬೆಂಕಿ ವಿಷಯಾನೂ ಹೇಳ್ಬೇಕು. ಇಲ್ಲಿ ಬೆಂಕಿ ನಿಲ್ಲಿಸಿದ್ಮೇಲೆ ಹುಲ್ಲುಗಾವಲೊಳಗೆ ರೆಡ್ ಸೀಡರ್ ಅನ್ನೋ ಮರ ನುಗ್ತು, ಈಗ ರೈತರೇ ಗುಂಪು ಕಟ್ಕೊಂಡು ಲೆಕ್ಕ ಹಾಕಿ ಬೆಂಕಿ ಹಾಕ್ತಾರೆ, ನಾವು ಸ್ಟೂಡೆಂಟ್ಸು ಅದರಲ್ಲಿ ಟ್ರೈನಿಂಗ್ ತಗೋತೀವಿ. ಇದನ್ನ ಕಲಿಯುವಾಗ ನಂಗೆ ನೆನಪಾಗಿದ್ದು ಬಿಳಿಗಿರಿರಂಗನ ಬೆಟ್ಟದ ಸೋಲಿಗರು. ತರಗು ಬೆಂಕಿ ಅಂತ ಅವ್ರು ಬೇಸಿಗೆ ಶುರುವಿಗೆ ನೆಲದ ತರಗೆಲೆಗೆ ಸಣ್ಣ ಬೆಂಕಿ ಹಾಕ್ತಿದ್ರು, ಅದು ನಿಂತ್ಮೇಲೆ ಲಂಟಾನ ಕಾಡೆಲ್ಲಾ ತುಂಬ್ತು ಅಂತ ಅವ್ರು ಹೇಳ್ತಾನೇ ಬಂದಿದಾರೆ, ಬೆಂಗಳೂರಿನ ಏಟ್ರೀ ಅನ್ನೋ ಸಂಶೋಧನಾ ಸಂಸ್ಥೆಯವ್ರು ಇದರ ಮೇಲೆ ವರ್ಷಗಟ್ಲೆ ಕೆಲಸ ಮಾಡಿದಾರೆ. ಇದನ್ನ ಓದೋಕೆ ನಾನು ಹದಿನಾಲ್ಕು ಸಾವಿರ ಕಿಲೋಮೀಟರ್ ದೂರ ಬರಬೇಕಿರ್ಲಿಲ್ಲ ಅಂತ ಒಂದೊಂದ್ಸಲ ಅನ್ಸತ್ತೆ, ಬಂದಿದ್ದಕ್ಕೆ ಅದು ಕಣ್ಣಿಗೆ ಬಿತ್ತು ಅಂತಾನೂ ಅನ್ಸತ್ತೆ.

ನಿಮ್ಮ ವಿಷಯಕ್ಕೆ ಬಂದ್ರೆ, ಮಂಗನ ಕಾಯಿಲೆ ವೈರಸ್ಸನ್ನ ಅಮೆರಿಕದಲ್ಲಿ ಬಿಎಸ್ಎಲ್-4 ಅನ್ನೋ ಅತಿ ಹೆಚ್ಚು ಸುರಕ್ಷತೆಯ ಲ್ಯಾಬಲ್ಲಿ ಮಾತ್ರ ಇಟ್ಕೋಬಹುದು, ಅಂಥ ಲ್ಯಾಬು ಬೆರಳೆಣಿಕೆಯಷ್ಟು. ಅಂದ್ರೆ ನೀವು ಇಲ್ಲಿಗೆ ಬಂದು ಆ ವೈರಸ್ ಮೇಲೆ ಕೆಲಸ ಮಾಡ್ತೀನಿ ಅಂದ್ರೆ ಆಗೋ ಮಾತಲ್ಲ. ಇಲ್ಲಿ ಕಲಿಯಬಹುದಾದ್ದು ವಿಧಾನ, ಇಲ್ಲೂ ಉಣುಗಿನಿಂದ ಬರೋ ಲೈಮ್ ಕಾಯಿಲೆ ದೊಡ್ಡ ಸಮಸ್ಯೆ, ಅದರ ಎಕಾಲಜಿ ಮೇಲೆ ತುಂಬ ಕೆಲಸ ಆಗಿದೆ. ನಿಮ್ಮ ಕಾಡು, ನಿಮ್ಮ ಉಣುಗು ಇರೋದು ಸಾಗರದಲ್ಲೇ.

ಗದಗ ಫಾರೆಸ್ಟರ್:

ಮ್ಯಾಲೆ ಅಣ್ಣಾವ್ರು ಛಲೋ ಹೇಳ್ಯಾರ. ನಾ ನೌಕರಿ ಬಗ್ಗೆ ಹೇಳತೀನಿ, ಯಾಕಂದ್ರ ಮನ್ಯಾಗ ಕೇಳೂದು ಅದನ್ನ.

ನಾ ಶಿರಸಿ ಫಾರೆಸ್ಟ್ರಿ ಕಾಲೇಜಿನ್ಯಾಗ ನಾಲ್ಕು ವರ್ಷ ಬಿಎಸ್ಸಿ ಫಾರೆಸ್ಟ್ರಿ ಓದೀನ್ರಿ, ಅದು ಧಾರವಾಡ ಕೃಷಿ ವಿವಿ ಕೆಳಗ ಬರತೈತಿ, ಹಂಗ ಕೊಡಗಿನ ಪೊನ್ನಂಪೇಟಿಯೊಳಗ ಇನ್ನೊಂದು ಐತಿ, ಅದು ಶಿವಮೊಗ್ಗ ಕೃಷಿ ತೋಟಗಾರಿಕಾ ವಿವಿಗೆ ಸೇರಿದ್ದು. ನಮ್ಮ ರಾಜ್ಯದಾಗ ಆರ್‌ಎಫ್‌ಓ, ಅಂದ್ರ ವಲಯ ಅರಣ್ಯಾಧಿಕಾರಿ, ನೇರ ನೇಮಕಾತಿಯೊಳಗ ಫಾರೆಸ್ಟ್ರಿ ಡಿಗ್ರಿ ಇದ್ದವರಿಗೆ ಬ್ಯಾರೆ ಪಾಲು ಇಟ್ಟಾರ, ಅದು ನಿಮಗ ಸಿಗೂದಿಲ್ಲ ಅನ್ನೂದು ಮೊದಲ ತಿಳಕೊಂಡಿರ್ರಿ. ಆದ್ರ ಐಎಫ್ಎಸ್, ಅಂದ್ರ ಅರಣ್ಯ ಸೇವಾ ಪರೀಕ್ಷಾ, ಅದಕ್ಕ ಬಾಟನಿ ಜುವಾಲಜಿ ಡಿಗ್ರಿ ನಡೀತೈತಿ. ಪಿಎಚ್‌ಡಿ ಕಡೆ ಹೋಗೋದಾದ್ರ ಸಿಎಸ್ಐಆರ್ ನೆಟ್ ಲೈಫ್ ಸೈನ್ಸ್ ಪರೀಕ್ಷಾ ಕಟ್ಟ್ರಿ, ಅದರಾಗ ಎಕಾಲಜಿ ಒಂದು ಭಾಗ ಐತಿ, ಜೆಆರ್‌ಎಫ್, ಅಂದ್ರ ಸಂಶೋಧನಾ ಫೆಲೋಶಿಪ್, ಆದ್ರ 2023ರಿಂದ ತಿಂಗಳಿಗೆ 37,000 ರೂಪಾಯಿ ಮಾಡ್ಯಾರ. ಮನ್ಯಾಗ ಈ ಲೆಕ್ಕ ಹೇಳ್ರಿ, ಒಂಚೂರು ಸಮಾಧಾನ ಆಗತೈತಿ.

ಇನ್ನೊಂದು, ಎಲ್ಲಾರೂ ಹುಲಿ ಆನಿ ಅಂತ ಅಭಯಾರಣ್ಯದೊಳಗ ಹೋಗಬೇಕಂತಾರ. ಒಳಗ ರಿಸರ್ಚ್ ಮಾಡಬೇಕಂದ್ರ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಮುಖ್ಯ ವನ್ಯಜೀವಿ ಪರಿಪಾಲಕರ ಪರ್ಮಿಷನ್ ಬೇಕು, ಅದು ತಿಂಗಳಾನುಗಟ್ಲೆ ಹಿಡೀತೈತಿ, ಆರು ತಿಂಗಳ ಡೆಸರ್ಟೇಶನ್‌ನ್ಯಾಗ ಮೂರು ತಿಂಗಳು ಕಾಗದ ಹಿಡಕೊಂಡು ಅಡ್ಡಾಡಿದ ಹುಡುಗರನ್ನ ನಾ ನೋಡೀನಿ. ಹೊರಗ ಎಷ್ಟು ಕೆಲಸ ಬಿದ್ದಾವ ನೋಡ್ರಿ. ನಮ್ಮ ಗದಗ ಜಿಲ್ಲಾ ಮಾಗಡಿ ಕೆರಿಗೆ ಚಳಿಗಾಲದಾಗ ಪಟ್ಟೆತಲೆ ಹೆಬ್ಬಾತು ಬರತಾವ, ಹಿಮಾಲಯ ದಾಟಿ ಸಾವಿರಗಟ್ಲೆ, ಮುಂಜಾನೆ ಸಂಜಿ ಸುತ್ತಮುತ್ತ ಶೇಂಗಾ ಹೊಲಕ್ಕ ಮೇಯಾಕ ಹೊಕ್ಕಾವ. 2024ರಾಗ ಆ ಕೆರಿ ರಾಮ್ಸಾರ್ ಅನ್ನೂ ಅಂತರರಾಷ್ಟ್ರೀಯ ಜೌಗು ಪ್ರದೇಶದ ಪಟ್ಟಿಗೆ ಸೇರೇತಿ. ರೈತರು ಹೆಬ್ಬಾತಿನ ಜೋಡಿ ಹೆಂಗ ಬಾಳ್ವಿ ಮಾಡತಾರ ಅನ್ನೂದ ಒಂದು ಡೆಸರ್ಟೇಶನ್. ನಿಮ್ಮ ಸೊಪ್ಪಿನ ಬೆಟ್ಟಾನೂ ಹಂಗ, ಅಭಯಾರಣ್ಯದ ಹೊರಗಿದ್ರ ಕಾಗದದ ಕೆಲಸ ಕಡಿಮಿ, ಆದ್ರ ಜಾಗಾ ಅರಣ್ಯ ಇಲಾಖೇದ್ದು ಇರಬಹುದು, ನಿಮ್ಮ ವಲಯದ ಆರ್‌ಎಫ್‌ಓ ಅವರಿಗೆ ಮೊದಲ ಹೋಗಿ ಹೇಳ್ರಿ, ಬರದೂ ಕೊಡ್ರಿ.

ಕಬಿನಿ ಹಿನ್ನೀರು:

ಸೊಪ್ಪಿನಬೆಟ್ಟ ಅವ್ರೇ, ನಿಮ್ಮ ಪೋಸ್ಟ್ ಎರಡು ಸಲ ಓದಿದೆ. ನಾನು ಮೈಸೂರಲ್ಲಿದೀನಿ, ಹದಿನಾಲ್ಕು ವರ್ಷದಿಂದ ಫೀಲ್ಡ್ ಬಯಾಲಜಿಸ್ಟ್. ನೀವು ಕೇಳಿದ ಮೊದಲ ಪ್ರಶ್ನೆಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ, ಡಾಕ್ಟ್ರೇ ಆಗ್ಬೇಕಾ ಅಂತ ಕೇಳಿದ್ರಲ್ಲ ಅದು.

ಬೇಡ. ಈ ಕಾಯಿಲೆ ಮೊದ್ಲು ಗೊತ್ತಾಗಿದ್ದು 1957ರಲ್ಲಿ, ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ ಮಂಗಗಳು ಸಾಯೋಕೆ ಶುರುವಾದಾಗ, ಅದಕ್ಕೇ ಆ ಹೆಸರು. ಆಮೇಲೆ ಇದರ ಮೇಲೆ ಕೆಲಸ ಮಾಡಿದ ವಿಜ್ಞಾನಿಗಳಲ್ಲಿ ಹೋರ್ಹೆ ಬೊಶೆಲ್ ಅನ್ನೋರು 1969ರಲ್ಲೇ ಬರೆದಿದಾರೆ, ಕಾಡು ಕಡಿದು ಜನ ಒಳಗೊಳಗೆ ಹೋದ್ರು, ಜೊತೆಗೆ ದನ ಹೋಯ್ತು, ಬೆಳೆದ ಉಣುಗಿಗೆ ದನದ ರಕ್ತ ಸಿಕ್ಕಿ ಸಂಖ್ಯೆ ಏರಿತು ಅನ್ನೋ ಅರ್ಥದಲ್ಲಿ. ಇದು ಪೂರ್ತಿ ಎಕಾಲಜಿ ಪ್ರಶ್ನೆ. ಮರಿ ಉಣುಗುಗಳ ಕಾಟ ಮಳೆ ನಿಂತ್ಮೇಲೆ ಶುರುವಾಗಿ ಬೇಸಿಗೆವರೆಗೆ ಇರತ್ತೆ, ದರಗು ಗುಡಿಸೋ ಕಾಲಾನೂ ಅದೇ, ಕಾಯಿಲೆ ಕಾಲಾನೂ ಅದೇ. ಏಟ್ರೀ ಸೇರಿದಂಗೆ ಇಲ್ಲಿನ, ಇಂಗ್ಲೆಂಡಿನ ಸಂಸ್ಥೆಗಳು ಕೂಡಿ 2020ರಲ್ಲಿ ಒಂದು ಪೇಪರ್ ಬರೆದ್ರು, ದಟ್ಟ ಕಾಡು ತೋಟ ಎರಡೂ ಬೆರೆತಿರೋ ಕಡೆ, ನಾಟಿ ದನ ಜಾಸ್ತಿ ಇರೋ ಕಡೆ ಅಪಾಯ ಹೆಚ್ಚು ಅಂತ. ಅದನ್ನ ಹುಡುಕಿ ಓದಿ, ನಿಮ್ಮೂರಿನ ಚಿತ್ರ ಅದರಲ್ಲಿ ಕಾಣತ್ತೆ. ವೈರಸ್ ಮುಟ್ಟೋ ಕೆಲಸ ಪುಣೆಯ ಎನ್ಐವಿ (ರಾಷ್ಟ್ರೀಯ ವೈರಾಣು ಸಂಸ್ಥೆ) ಅಂಥ ಲ್ಯಾಬಿನವ್ರದ್ದು. ಉಣುಗು ಎಲ್ಲಿದೆ, ಮಂಗ, ಮುಸ್ಯ (ಕಪ್ಪು ಮುಖದ ಉದ್ದ ಬಾಲದ ಕೋತಿ) ಎಲ್ಲಿ ಓಡಾಡತ್ತೆ, ಜನ ಬೆಟ್ಟಕ್ಕೆ ಯಾವಾಗ ಹೋಗ್ತಾರೆ, ಇದು ವೈಲ್ಡ್‌ಲೈಫ್ ಓದಿದವ್ರು ಮಾಡ್ಬೇಕಾದ ಕೆಲಸ, ಮಾಡೋರು ಕಮ್ಮಿ.

ಈಗ ಗಣಿತಕ್ಕೆ ಬರೋಣ, ಇದರಿಂದ ತಪ್ಪಿಸ್ಕೊಳ್ಳೋಕೆ ಆಗಲ್ಲ, ಆದ್ರೆ ಭಯ ಪಡೋಂಥದ್ದೂ ಇಲ್ಲ. ನಿಮ್ಮೂರಲ್ಲಿ ಸತ್ತ ಮಂಗ ಎಲ್ಲಿ ಸಿಗ್ತಿತ್ತು ನೆನಪು ಮಾಡ್ಕೊಳ್ಳಿ. ರಸ್ತೆ ಪಕ್ಕ, ತೋಟದಲ್ಲಿ, ಶಾಲೆ ಹಿಂದೆ. ಲೆಕ್ಕದಲ್ಲಿ ಬರೋದು ಅಷ್ಟೇ. ಒಳಗೆ ದಟ್ಟ ಕಾಡಲ್ಲಿ ಸತ್ತಿದ್ದು ಯಾರ ಕಣ್ಣಿಗೂ ಬೀಳಲ್ಲ, ಎರಡು ದಿನಕ್ಕೆ ಹಂದಿ ಗಿಂದಿ ತಿಂದು ಮುಗ್ಸಿರತ್ತೆ. ಹಂಗಾಗಿ ನಕ್ಷೆ ಮೇಲೆ ಚುಕ್ಕಿ ಹಾಕಿದ್ರೆ ಮಂಗ ಊರ ಹತ್ರಾನೇ ಸಾಯ್ತವೆ ಅಂತ ಕಾಣತ್ತೆ. ಕಾಣ್ಲಿಲ್ಲ ಅನ್ನೋದು ಬೇರೆ, ಇಲ್ಲ ಅನ್ನೋದು ಬೇರೆ. ನಮ್ಮ ವಿದ್ಯೆಯಲ್ಲಿ ಅರ್ಧಕ್ಕರ್ಧ ಇದೇ.

ಒಂದು ಲೆಕ್ಕ ನೋಡಿ. ನೂರು ಜಾಗದಲ್ಲಿ ಮುಸ್ಯ ನಿಜವಾಗ್ಲೂ ಇದೆ ಅಂದ್ಕೊಳ್ಳಿ. ಒಂದ್ಸಲ ಹೋದ್ರೆ ಕಾಣೋ ಸಾಧ್ಯತೆ 0.4, ಅಂದ್ರೆ ತಪ್ಪಿಹೋಗೋದು 0.6. ಒಂದೇ ಸಲ ಹೋಗಿ ಬಂದ್ರೆ 60 ಕಡೆ ಮುಸ್ಯ ಇಲ್ಲ ಅಂತ ಬರೆದುಬಿಡ್ತೀರ. ಐದು ಸಲ ಹೋದ್ರೆ ಐದೂ ಸಲ ತಪ್ಪಬೇಕು, 0.6ನ್ನ ಐದು ಸಲ ಗುಣಿಸಿ, 0.078 ಬರತ್ತೆ, ತಪ್ಪೋದು 8 ಕಡೆ ಮಾತ್ರ. ಆಕ್ಯುಪೆನ್ಸಿ ಮಾಡೆಲ್ ಅಂತ ದೊಡ್ಡ ಹೆಸರಿಟ್ಟು ಎಂಎಸ್ಸಿಯಲ್ಲಿ ಕಲಿಸೋದು ಇದರ ಮೇಲೆ ಕಟ್ಟಿರೋದು. ಇದಕ್ಕೆ ಬೇಕಾದ್ದು ಗುಣಾಕಾರ, ತಾಳ್ಮೆ, ಒಂದೇ ಜಾಗಕ್ಕೆ ಐದು ಸಲ ಹೋಗೋ ಕಾಲು.

ಲೆಕ್ಕ ತಪ್ಪಿದ್ರೆ ಏನಾಗತ್ತೆ ಅನ್ನೋಕೆ ರಾಜಸ್ಥಾನದ ಸರಿಸ್ಕ ಇದೆ. ಹೆಜ್ಜೆಗುರುತು ನೋಡಿ ಹುಲಿ ಎಣಿಸ್ತಿದ್ರು, ಕಾಗದದ ಮೇಲೆ ಹುಲಿ ಇದ್ವು, 2005ರ ಹೊತ್ತಿಗೆ ಅಲ್ಲಿ ಒಂದೂ ಉಳಿದಿಲ್ಲ ಅಂತ ಗೊತ್ತಾಯ್ತು. ಅದಕ್ಕೂ ಹತ್ತು ವರ್ಷ ಮುಂಚೆ, 1995ರಲ್ಲೇ, ನಮ್ಮ ಹುಲಿ ವಿಜ್ಞಾನಿ ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಕ್ಯಾಮೆರಾ ಟ್ರ್ಯಾಪ್ ಇಟ್ಟು, ಪಟ್ಟೆ ನೋಡಿ ಒಂದೊಂದು ಹುಲಿ ಗುರುತಿಸಿ, ಎಷ್ಟು ಸಿಕ್ಕಿದ್ವು ಎಷ್ಟು ತಪ್ಪಿರಬಹುದು ಅಂತ ಲೆಕ್ಕ ಹಾಕೋ ದಾರಿ ತೋರಿಸಿದ್ರು. ಅವ್ರು ಮೊದ್ಲು ಓದಿದ್ದು ಸುರತ್ಕಲ್‌ನಲ್ಲಿ ಇಂಜಿನಿಯರಿಂಗು, ಆಮೇಲೆ ಎಂಎಸ್ ಮಾಡಿದ್ದು ಅಮೆರಿಕದ ಫ್ಲೋರಿಡಾದಲ್ಲಿ, ಪಿಎಚ್‌ಡಿ ಮಾತ್ರ ಮಂಗಳೂರು ವಿವಿಯಿಂದ. ಇಲ್ಲೇನಾ ಅಲ್ಲೇನಾ ಅಂತ ನೀವು ಇವತ್ತೇ ತೀರ್ಮಾನ ಮಾಡ್ಬೇಕಾಗಿಲ್ಲ.

ಕಾಲೇಜಿನ ವಿಷಯ ಹೇಳೋದಾದ್ರೆ ಕುವೆಂಪು ವಿವಿ ಜೊತೆಗೆ ಬೆಂಗಳೂರಿನ ಎನ್‌ಸಿಬಿಎಸ್ ಅನ್ನೋ ಜೀವವಿಜ್ಞಾನ ಸಂಶೋಧನಾ ಸಂಸ್ಥೆಗೂ ಪ್ರಯತ್ನ ಮಾಡಿ. ಅಲ್ಲಿ 2004ರಿಂದ ವೈಲ್ಡ್‌ಲೈಫ್ ಬಯಾಲಜಿ ಅಂಡ್ ಕನ್ಸರ್ವೇಶನ್ ಎಂಎಸ್ಸಿ ನಡೀತಿದೆ, ಎರಡು ವರ್ಷಕ್ಕೊಮ್ಮೆ ಒಂದು ಸಣ್ಣ ಬ್ಯಾಚು, ಹಂಗಾಗಿ ಯಾವ ವರ್ಷ ಕರೀತಾರೆ ಅಂತ ಕಣ್ಣಿಟ್ಟಿರಿ. ಪರೀಕ್ಷೆ ಆಮೇಲೆ ಇಂಟರ್‌ವ್ಯೂ, ಇಂಜಿನಿಯರು ವೆಟರ್ನರಿ ಓದಿದವ್ರೂ ಬರ್ತಾರೆ. ಡೆಹ್ರಾಡೂನಿನ ವೈಲ್ಡ್‌ಲೈಫ್ ಇನ್ಸ್ಟಿಟ್ಯೂಟ್‌ನಲ್ಲೂ ಎಂಎಸ್ಸಿ ಇದೆ. ಒಂದು ವರ್ಷ ಸಿಗ್ಲಿಲ್ಲ ಅಂದ್ರೆ ಯಾವ್ದಾದ್ರೂ ಪ್ರಾಜೆಕ್ಟಲ್ಲಿ ಫೀಲ್ಡ್ ಅಸಿಸ್ಟೆಂಟ್ ಆಗಿ, ಆ ಒಂದು ವರ್ಷ ವ್ಯರ್ಥ ಅಲ್ಲ. ಆದ್ರೆ ದುಡ್ಡು ಕೊಟ್ಟು ವಾಲಂಟಿಯರ್ ಆಗ್ಬೇಡಿ. ನಾನು ಇಪ್ಪತ್ತೆರಡನೇ ವಯಸ್ಸಲ್ಲಿ ಒಂದು ಸಂಸ್ಥೆಗೆ 18 ಸಾವಿರ ಕಟ್ಟಿ ಒಂದು ತಿಂಗಳು ಹೋಗಿದ್ದೆ, ಬಂದ ಟೂರಿಸ್ಟುಗಳಿಗೆ ಚಹಾ ಕೊಟ್ಟಿದ್ದು ಬಿಟ್ರೆ ಒಂದು ಡೇಟಾ ಶೀಟೂ ನನ್ನ ಕೈಗೆ ಸಿಗ್ಲಿಲ್ಲ, ಅಮ್ಮನ ಬಳೆ ಇಟ್ಟು ತಂದ ದುಡ್ಡು ಅದು, ಇವತ್ತಿಗೂ ಬೇಜಾರಾಗತ್ತೆ.

ಕೊನೇದಾಗಿ, ಇದು ಬಹಳ ಮುಖ್ಯ. ಉತ್ಸಾಹದಲ್ಲಿ ನೀವೇ ನೆಲದ ಮೇಲೆ ಬಿಳಿ ಬಟ್ಟೆ ಎಳೆದು ಉಣುಗು ಹಿಡಿಯೋಕೆ ಹೋಗ್ಬೇಡಿ. ಆ ವಿಧಾನ ಪೇಪರಲ್ಲಿ ಓದಿದ್ರೆ ಸುಲಭ ಅನ್ಸತ್ತೆ, ಆದ್ರೆ ಅದನ್ನ ತರಬೇತಿ ಆದವ್ರ ಜೊತೆ, ರಕ್ಷಣೆ ತಗೊಂಡೇ ಮಾಡೋದು. ಸತ್ತ ಮಂಗ ಕಂಡ್ರೆ ಹತ್ರ ಹೋಗ್ಬೇಡಿ, ಫೋಟೋಕ್ಕೂ ಬೇಡ, ಪಿಎಚ್‌ಸಿಗೆ ಅಥವಾ ಅರಣ್ಯ ಇಲಾಖೆಗೆ ಹೇಳಿ. ಹಳೇ ಲಸಿಕೆ ಈಗ ಕೊಡ್ತಿಲ್ಲ ಅನ್ನೋದು ನಿಮ್ಗೂ ಗೊತ್ತಿರತ್ತೆ.

ಸೊಪ್ಪಿನಬೆಟ್ಟ:

ಎಲ್ರಿಗೂ ತುಂಬ ತುಂಬ ಥ್ಯಾಂಕ್ಸ್. ಪರೀಕ್ಷೆ ಇತ್ತು, ಅದಕ್ಕೇ ಲೇಟಾಯ್ತು.

ನಿನ್ನೆ ಊರಿಗೆ ಬಂದೆ. ಪ್ಲಾಟ್ ನದಿ ಅಣ್ಣ ಬರೆದಿದ್ದನ್ನ ಅಪ್ಪಂಗೆ ಜೋರಾಗಿ ಓದಿ ಹೇಳಿದೆ, ಪ್ರೇರಿ ಚಿಕನ್ ಕತೆ ಬಂದಾಗ ಇನ್ನೊಂದ್ಸಲ ಓದು ಅಂದ್ರು. ಪತ್ರ ಬ್ಯಾಂಕಿಗೆ ಹೋಗಲ್ಲ, ಅಷ್ಟು ಮುಗೀತು. ಚಿಕ್ಕಮ್ಮ ಕೂತು ಕೇಳ್ತಿದ್ರು, ಆ ವರ್ಷ ಮೊದ್ಲು ಮಂಗ ಸತ್ತಿದ್ದು ಶಾಲೆ ಹಿಂದೆ ಅಲ್ಲ, ಅದಕ್ಕೂ ಒಂದು ತಿಂಗಳು ಮುಂಚೆ ಹೊಳೆ ಆಚೆ ದನ ಹುಡುಕೋಕೆ ಹೋದವ್ರು ಎರಡು ನೋಡಿದ್ರು, ಯಾರಿಗೂ ಹೇಳಿರ್ಲಿಲ್ಲ ಅಂದ್ರು. ಇಷ್ಟು ವರ್ಷ ನಂಗೆ ಇದು ಗೊತ್ತೇ ಇರ್ಲಿಲ್ಲ, ನಾನೂ ಕೇಳಿರ್ಲಿಲ್ಲ. ಈಗ ಮನೆಮನೆಗೆ ಹೋಗಿ ಯಾರು ಯಾವಾಗ ಎಲ್ಲಿ ನೋಡಿದ್ರು ಅಂತ ಕೇಳಿ ಬರ್ಕೊಳ್ತಿದೀನಿ, ಇದಕ್ಕೆ ಯಾವ ಅಪಾಯಾನೂ ಇಲ್ಲ ಅಲ್ವಾ? ಹನ್ನೊಂದು ಮನೆ ಆಯ್ತು. ಮುಂದಿನ ವಾರ ಶಂಕರಘಟ್ಟಕ್ಕೂ ಹೋಗಿ ಬರ್ತೀನಿ.

ಕಬಿನಿ ಅವ್ರೇ, ನಿಮ್ಮ ಲೆಕ್ಕ ನಾನೇ ಮಾಡಿ ನೋಡಿದೆ, ಮೂರು ಸಲ ಹೋದ್ರೆ 22 ಕಡೆ ತಪ್ಪತ್ತೆ ಅಂತ ಬಂತು. ಸರಿನಾ?

ಕಬಿನಿ ಹಿನ್ನೀರು:

ಸರಿ ಇದೆ, 21.6. ಮನೆಮನೆ ಕೇಳೋ ಕೆಲಸ ನಿಲ್ಲಿಸ್ಬೇಡಿ, ಯಾರೂ ಮಂಗ ನೋಡ್ಲಿಲ್ಲ ಅಂದ್ರೆ ಅದನ್ನೂ ಬರ್ಕೊಳ್ಳಿ, ಅವ್ರು ಆ ತಿಂಗಳು ಬೆಟ್ಟಕ್ಕೆ ಎಷ್ಟು ಸಲ ಹೋಗಿದ್ರು ಅನ್ನೋದನ್ನೂ ಕೇಳಿ.

ಈಗ ಮುಂದಿನದು. 0.4 ಅಂತ ಎಲ್ಲಾ ಸಲಕ್ಕೂ ಒಂದೇ ಹಾಕಿದ್ವಿ. ಬೆಳಗ್ಗೆ ಆರಕ್ಕೆ ಹೋದ್ರೂ ಮಧ್ಯಾಹ್ನ ಎರಡಕ್ಕೆ ಹೋದ್ರೂ ಮುಸ್ಯ ಅಷ್ಟೇ ಕಾಣತ್ತಾ? ಎಲೆ ಉದುರಿದ ಮರದಲ್ಲಿ, ದಟ್ಟ ಹಸಿರು ಮರದಲ್ಲಿ? ನಿಮ್ಮ ಬೆಟ್ಟ ನೆನಪು ಮಾಡ್ಕೊಂಡು, ಯಾವ್ಯಾವ್ದು ಈ 0.4ನ್ನ ಬದಲಾಯಿಸಬಹುದು ಅಂತ ಇಲ್ಲಿ ಬರೀರಿ ನೋಡೋಣ.